ಗಿಣಿ ಓದಿದ ಬೆರಳುಗಳು

ನಮ್ಮ ಅತ್ತಿಗೆಯ ಕೈಯಲ್ಲಿ ಬೆರಳುಗಳೇ ಇಲ್ಲವೆಂದು ಆಸ್ಪತ್ರೆಯ ಯಂತ್ರ ಹೇಳಿದ್ದು ಅದು ಐದನೆಯ ಸಲ.

ಹತ್ತು ಬೆರಳನ್ನೂ ಒಂದೊಂದಾಗಿ ಗಾಜಿನ ಮೇಲೆ ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ, ನೋಂದಣಿ ಕೌಂಟರಿನ ನಾಗವೇಣಿ ಕೊನೆಗೆ ಕುರ್ಚಿಗೆ ಒರಗಿದಳು.

“ಬರ್ತಿಲ್ಲ ಮೇಡಂ. ಗೆರೇನೇ ಇಲ್ಲ. ಗೋಲಿ ಥರ ನುಣ್ಣಗಿದಾವೆ.”

“ಕಣ್ಣಾದ್ರೂ ನೋಡಿ.”

“ಕಣ್ಣು ಹೋದ ಸಲಾನೇ ನೋಡಿದ್ವಲ್ಲ. ಪೊರೆ ಅಡ್ಡ ಬರುತ್ತೆ. ಹಿಂದಿನ ನರದ ಗುರುತು ಓದೋಕಾಗಲ್ಲ.”

“ಆ ಪೊರೆ ತೆಗೆಸೋಕೇ ಬಂದಿರೋದು ನಾವು.”

“ಗೊತ್ತು ಮೇಡಂ. ಪೊರೆ ತೆಗೆಸ್ಕೊಂಡು ಬನ್ನಿ, ಕಣ್ಣು ಸಲೀಸಾಗಿ ಹೊಂದುತ್ತೆ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಗುರುತು ಖಚಿತವಾಗದವರ ಮೈಮೇಲೆ ಯಾವ ವೈದ್ಯರೂ ಕತ್ತರಿ ಇಡುವಂತಿಲ್ಲವೆಂಬ ನಿಯಮ ಬಂದು ನಾಲ್ಕು ವರ್ಷವಾಗಿತ್ತು. ಸರ್ಕಾರಿ ಆಸ್ಪತ್ರೆಯಾದರೂ ಅಷ್ಟೆ, ಖಾಸಗಿಯಾದರೂ ಅಷ್ಟೆ. ಮುಖ, ಬೆರಳು, ಕಣ್ಣು, ಈ ಮೂರರಲ್ಲಿ ಎರಡು ಹೊಂದಬೇಕು. ಅತ್ತಿಗೆಯ ಮುಖ ಪ್ರತಿ ಸಲವೂ ಹೊಂದುತ್ತಿತ್ತು. ಮುಖವೊಂದೇ ಸಾಲದು.

“ನಾನು ನಾನೇ ಅಂತ ಈ ವನಜಾಕ್ಷಿ ಹೇಳ್ತಾಳಲ್ಲವ್ವ, ಸಾಲದಾ?” ಎಂದು ಅತ್ತಿಗೆ ಕೇಳಿದರು.

“ಮನುಷ್ಯರು ಹೇಳಿದ್ದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಜ್ಜಿ.”

ಐವತ್ತೆಂಟಕ್ಕೇ ಅಜ್ಜಿ ಅನ್ನಿಸಿಕೊಂಡ ಸಿಟ್ಟಿನಲ್ಲಿ ಅತ್ತಿಗೆ ಬಸ್ಸಿನುದ್ದಕ್ಕೂ ನಾಗವೇಣಿಯನ್ನು ಬಯ್ದರು. ನನ್ನ ಸಿಟ್ಟು ಬೇರೆಯದಾಗಿತ್ತು. ಕಣ್ಣಿನ ಶಸ್ತ್ರಚಿಕಿತ್ಸೆಯ ತಂಡ ನಮ್ಮ ಕಡೆಗೆ ಬರುವುದು ಮೂರು ತಿಂಗಳಿಗೊಮ್ಮೆ. ಈ ಸರದಿಯೂ ಕೈತಪ್ಪಿತ್ತು, ಆದರೆ ಈ ಸಲ ತಂಡಕ್ಕೆ ನೂಕುನುಗ್ಗಲು ಹೆಚ್ಚಾಗಿದ್ದರಿಂದ ಏಳು ವಾರಕ್ಕೆ ಮತ್ತೆ ಬರುವುದಾಗಿ ಹೇಳಿದ್ದರು. ಅತ್ತಿಗೆಯ ಎಡಗಣ್ಣು ಪೊರೆ ಬಲಿತು ಒಳಗೇ ಒಡೆದು ಎರಡು ವರ್ಷದ ಹಿಂದೆಯೇ ಹೋಗಿತ್ತು. ಉಳಿದ ಬಲಗಣ್ಣಿಗೆ ಟಾರ್ಚು ಬಿಟ್ಟು ನೋಡಿದ ವೈದ್ಯೆ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಒಂದೇ ಮಾತು. “ಮುಂದಿನ ಸರದಿ ತಪ್ಪಿಸಬೇಡಿ. ಆಮೇಲೆ ನಾನೇನೂ ಮಾಡೋಕಾಗಲ್ಲ.”

ಅತ್ತಿಗೆ ಎಂದರೆ ನನ್ನ ಗಂಡ ಓಬಳೇಶನ ಅಕ್ಕ ತಿಪ್ಪಮ್ಮ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ನಾನು ಸೊಸೆಯಾಗಿ ಬಂದಾಗ ಬಿ.ಎಸ್ಸಿ. ಅರ್ಧಕ್ಕೆ ನಿಂತಿತ್ತು. “ಉಳಿದರ್ಧ ಓದು, ಮನೆ ನಾನು ನೋಡ್ಕಂತೀನಿ” ಎಂದವರು ಅವರೇ. ಅವರು ನೋಡಿಕೊಂಡದ್ದು ಮನೆಯನ್ನಷ್ಟೇ ಅಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಪರಂಗಿ ತೋಟಕ್ಕೆ ಹಾಲು ಇಳಿಸಲು ಹೋಗಿ, ಹತ್ತಕ್ಕೆ ಬಂದು ಅಡುಗೆಗೆ ನಿಲ್ಲುತ್ತಿದ್ದರು.

ವೇದಾವತಿ ಬಯಲಿನ ನಮ್ಮೂರಲ್ಲಿ ಪರಂಗಿಯನ್ನು ಹಣ್ಣಿಗಾಗಿ ಬೆಳೆಯುವುದಿಲ್ಲ. ಬಲಿತ ಹಸಿರು ಕಾಯಿಗೆ ಬಿದಿರಿನ ಚೂರಿಯಿಂದ ತೆಳುವಾಗಿ ನಾಲ್ಕು ಗೀರು ಎಳೆದರೆ ಬಿಳಿಯ ಹಾಲು ಜಿನುಗುತ್ತದೆ. ಅದು ಬಟ್ಟಲಿಗೆ ಬಿದ್ದು, ಕಾಯಿಯ ಮೈಗೂ ಅಂಟಿ ಮೊಸರಿನಂತೆ ಗಟ್ಟಿಯಾಗುತ್ತದೆ. ಬೆರಳಿಂದ ಬಳಿದು ಅವರವರ ತಟ್ಟೆಗೆ ತುಂಬಬೇಕು. ಪ್ರೋಟೀನನ್ನು ಕತ್ತರಿಸಿ ಅರಗಿಸುವ ಕಿಣ್ವ ಆ ಹಾಲಿನಲ್ಲಿದೆ. ಒಣಗಿಸಿ ಪುಡಿ ಮಾಡಿದರೆ ಅಜೀರ್ಣದ ಗುಳಿಗೆಗೆ ಬೇಕು, ಗಾಯ ಶುದ್ಧ ಮಾಡುವ ಮುಲಾಮಿಗೆ ಬೇಕು. ಮಾಂಸವನ್ನೇ ಮೆತ್ತಗೆ ಮಾಡುವ ಆ ಹಾಲು ಬರಿಗೈಯನ್ನು ಬಿಡುತ್ತದೆಯೆ? ಕೆಡದಿರಲೆಂದು ತಟ್ಟೆಗೆ ಬೆರೆಸುವ ಬಿಳಿ ಪುಡಿ ಚರ್ಮದ ಬಿಗಿಯನ್ನು ಮೊದಲು ಸಡಿಲಿಸುತ್ತದೆ, ಹಾಲು ಆಮೇಲೆ ತಿನ್ನುತ್ತದೆ. ಹತ್ತೊಂಬತ್ತು ವರ್ಷ ತಿಂದಿತ್ತು.

“ಕೈಗವಸು ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ ನೀವು,” ಎಂದೆ ಆ ಸಂಜೆ, ರೊಟ್ಟಿ ತಟ್ಟುತ್ತ.

“ಕಣ್ಣು ಕಾಣ್ತಿದ್ರೆ ಹಾಕ್ಕೊಂತಿದ್ದೆ ಕಣೆ. ಗೀರು ಎಷ್ಟು ಆಳ ಹೋಯ್ತು ಅಂತ ಬೆರಳಿಗೆ ಗೊತ್ತಾಗ್ಬೇಕು. ಒಂದು ಕೂದಲಷ್ಟು ಜಾಸ್ತಿ ಇಳಿದ್ರೆ ಕಾಯಿ ಕೊಳೀತೈತೆ.”

“ಹಂಗಾದ್ರೆ ಒಂದೂವರೆ ತಿಂಗಳು ಮನೇಲಿ ಕೂತ್ಕೊಳ್ಳಿ. ಗೆರೆ ತಾನಾಗೇ ಬೆಳೀತಾವೆ.”

“ಕುಂತಿದ್ನಲ್ಲ ಹೋದ ಸಲ.”

ಹೋದ ಸಲ ಇಪ್ಪತ್ತೆರಡು ದಿನ ಕೂತಿದ್ದರು. ಇಪ್ಪತ್ತಮೂರನೆಯ ದಿನ, ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ ತೋಟಕ್ಕೆ ಹೋಗಿಬಿಟ್ಟಿದ್ದರು. ತಮ್ಮ ಪಾಲಿನ ಹದಿನಾಲ್ಕನೇ ಸಾಲಿನ ಕಾಯಿಗಳು ಬಲಿತು ಹಾಲು ಬತ್ತುತ್ತಿದೆಯಂತೆ, ಆ ಸಾಲನ್ನು ಇನ್ಯಾರಿಗೋ ಕೊಡುವ ಮಾತು ನಡೆದಿದೆಯಂತೆ. ಸಾಲು ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ. ಒಂದೇ ಬೆಳಿಗ್ಗೆಯಲ್ಲಿ ಇಪ್ಪತ್ತೆರಡು ದಿನದ ಚಿಗುರು ಗೆರೆಗಳು ಹೋದವು.

ಕಣ್ಣು ಕಾಣದ್ದಕ್ಕೆ ಬರಿಬೆರಳು. ಬರಿಬೆರಳಾದ್ದಕ್ಕೆ ಗುರುತಿಲ್ಲ. ಗುರುತಿಲ್ಲದ್ದಕ್ಕೆ ಕಣ್ಣಿಲ್ಲ. ಈ ಮೂರು ಮಾತನ್ನು ನಾನು ಯಾರಿಗೆ ಹೇಳಿದರೂ ಅವರು “ಅಯ್ಯೋ ಪಾಪ” ಎನ್ನುತ್ತಿದ್ದರು. ಪಾಪ ಎನ್ನಿಸಿಕೊಂಡು ನನಗೆ ಸಾಕಾಗಿಹೋಗಿತ್ತು.

ಈ ಹಾಲನ್ನು ಪುಡಿ ಮಾಡುವ ಊರಾಚೆಯ ಕಾರ್ಖಾನೆಯ ಪ್ರಯೋಗಾಲಯಕ್ಕೆ ನಾನು ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ನಾನು ಮತ್ತು ಒಂದು ಯಂತ್ರ. ಮೊದಲು ಒಂದು ತಟ್ಟೆ ಹಾಲಿನ ಬಲ ಅಳೆಯಲು ನನಗೆ ಅರ್ಧ ದಿನ ಹಿಡಿಯುತ್ತಿತ್ತು. ಆಕಳ ಹಾಲಿನ ಪ್ರೋಟೀನು ಕದಡಿ, ಅದಕ್ಕೆ ಪರಂಗಿ ಹಾಲು ಹಾಕಿ, ಬಿಸಿನೀರಲ್ಲಿ ಹೊತ್ತು ನೋಡಿ ಇಟ್ಟು, ಆಮ್ಲ ಸುರಿದು ನಿಲ್ಲಿಸಿ, ಸೋಸಿ, ಎಷ್ಟು ತಿಂದಿದೆಯೆಂದು ಓದಬೇಕಿತ್ತು. ಹೊಸ ಯಂತ್ರ ಬಂದ ಮೇಲೆ ಅದು ನಲವತ್ತು ಸೆಕೆಂಡಿನ ಕೆಲಸ. ಎಂಟು ಮೂತಿಯ ಒಂದು ತೋಳು ಕೆಳಗಿಳಿದು, ತಟ್ಟೆಗಳಿಂದ ಹನಿ ಹೀರಿ, ಪುಟಾಣಿ ಗುಳಿಗಳಿಗೆ ಬಿಡುತ್ತದೆ. ಗುಳಿಯಲ್ಲಿ ಬಣ್ಣ ಕಟ್ಟಿಹಾಕಿದ ಪ್ರೋಟೀನಿನ ತುಣುಕು ಕಾದಿರುತ್ತದೆ. ಕಿಣ್ವ ಅದನ್ನು ಕತ್ತರಿಸಿದೊಡನೆ ಹಳದಿ ಬಿಡುಗಡೆಯಾಗುತ್ತದೆ. ಹಳದಿ ಬೇಗ ಏರಿದರೆ ಹಾಲು ಬಲವಾದದ್ದು, ನಿಧಾನವಾದರೆ ಸೋತದ್ದು. ಕೊಕ್ಕಿನಿಂದ ಚೀಟಿ ಎತ್ತಿ ಭವಿಷ್ಯ ಹೇಳುವ ಗಿಣಿಯ ಹಾಗೆ ಕಂಡದ್ದರಿಂದ ಹೆಂಗಸರು ಅದನ್ನು ಗಿಣಿ ಎಂದೇ ಕರೆಯುತ್ತಿದ್ದರು. ಕೊನೆಗೆ ಮ್ಯಾನೇಜರ್ ವಾಗೀಶ್ ಕೂಡ ಹಾಗೇ ಕರೆಯತೊಡಗಿದರು.

ಗಿಣಿಗೆ ಇನ್ನೊಂದು ವಿದ್ಯೆ ಇತ್ತು. ಹರಿದ ಕಾಗದದ ಚೂರುಗಳನ್ನು ಜೋಡಿಸಿ ಹರಿದದ್ದು ಯಾವ ಪತ್ರವೆಂದು ಹೇಳುವ ಹಾಗೆ, ತಟ್ಟೆಯಲ್ಲಿರುವ ಪ್ರೋಟೀನಿನ ಚೂರುಗಳನ್ನು ತೂಗಿ, ಕಿಣ್ವ ಅಲ್ಲಿಯವರೆಗೆ ಏನೇನು ತಿಂದಿದೆಯೆಂದು ಅದು ಹೇಳುತ್ತಿತ್ತು. ಕಲಬೆರಕೆ ಹಿಡಿಯಲು ಆ ವಿದ್ಯೆ. ಆಸ್ಪತ್ರೆಯಿಂದ ಬಂದ ಮರುದಿನ ಗಿಣಿ ಮೂವತ್ತೊಂದು ತಟ್ಟೆಗೂ ಕೆಂಪು ದೀಪ ಹಾಕಿತು. ‘ಹೊರಗಿನ ಪ್ರೋಟೀನು ಇದೆ’ ಎಂದಿತು. ಅದರ ಒಳಗಣ್ಣನ್ನು ಯಂತ್ರದ ಕಂಪನಿಯವರು ಹಿಂದಿನ ವಾರವಷ್ಟೇ ಹೊಸದಾಗಿ ಹದಗೊಳಿಸಿ ಹೋಗಿದ್ದರು.

“ಯಾರೋ ಏನೋ ಬೆರೆಸ್ತಿದ್ದಾರೆ,” ಎಂದರು ವಾಗೀಶ್. ದಾವಣಗೆರೆ ಕಡೆಯ ಮನುಷ್ಯ, ದನಿ ಏರಿಸುವುದಿಲ್ಲ, ಆದರೆ ಬಿಡುವುದೂ ಇಲ್ಲ. “ನಿಮ್ಮ ಊರಿನ ಹೆಂಗಸರು. ನೀವೇ ಕೇಳಿ.”

ಕೇಳಿದೆ. ತೋಟದ ಷೆಡ್ಡಿನಲ್ಲಿ ತಟ್ಟೆ ಇಳಿಸಿ ಕೂತಿದ್ದವರ ಮುಂದೆ ನಿಂತು, ಹಾಲು ಹೆಚ್ಚು ಕಾಣಲೆಂದು ಯಾರಾದರೂ ಹಿಟ್ಟು, ಹಾಲಿನ ಪುಡಿ ಬೆರೆಸುತ್ತಿದ್ದೀರಾ ಎಂದು ಕೇಳಿದೆ.

“ಹಿಟ್ಟಿದ್ರೆ ಮುದ್ದೆ ಕಟ್ಟಿ ಉಣ್ತಿದ್ವಿ ಮೇಡಮ್ಮ,” ಎಂದಳು ಬೋರಕ್ಕ. ಮೂವತ್ತೊಂದು ಸಾಲಿಗೂ ಅವಳದೇ ಮುಂದಾಳತ್ವ, ಅವಳ ಬಾಯಿಗೆ ವಾಗೀಶರೂ ಹೆದರುತ್ತಿದ್ದರು. “ನಿಮ್ಮ ಗಿಣಿಗೆ ಯಾಕ್ ತಿನ್ನಿಸ್ತಿದ್ವಿ?”

“ಹಾಲಿನ ಪುಡಿ ಅಂತೆ,” ಎಂದು ಇನ್ನೊಬ್ಬಳು ನಕ್ಕಳು. “ಟೀಗೇ ಇಲ್ಲ.”

“ಕೇಳೋದು ನನ್ನ ಕೆಲಸ, ಕೇಳ್ದೆ,” ಎಂದೆ.

“ಕೇಳು, ಕೇಳು. ಮೊದ್ಲು ನಿಮ್ಮನೆ ತಟ್ಟೆ ಕೇಳು. ಅದಕ್ಕೂ ಕೆಂಪು ಬಿದ್ದೈತಂತಲ್ಲ.”

ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಹಿಂದಿನಿಂದ ಸುಮ್ಮನೆ ಎದ್ದು ಹೋದರು. ಅವರ ತಟ್ಟೆಯ ಮೇಲೂ ನಾನು ಅನುಮಾನ ಪಟ್ಟೆನೆಂಬುದು ಅವರಿಗೆ ಗೊತ್ತಾಗಿತ್ತು. ಪಟ್ಟಿದ್ದೆ, ನಿಜ.

ಪ್ರಯೋಗಾಲಯಕ್ಕೆ ವಾಪಸು ಬಂದು ಗಿಣಿ ಹೇಳಿದ ಚೂರುಗಳನ್ನು ಒಂದೊಂದಾಗಿ ಅದರದೇ ಭಂಡಾರದ ಜೊತೆ ಹೋಲಿಸುತ್ತ ಕೂತೆ. ಗೋಧಿಯಲ್ಲ. ಹಾಲಲ್ಲ. ಮೊಟ್ಟೆಯಲ್ಲ, ಕಡಲೆಯಲ್ಲ. ಊಟದ ಹೊತ್ತಿಗೆ ಒಂದು ಹೆಸರು ಬಂತು. ಕೆರಾಟಿನ್. ಉಗುರು, ಕೂದಲು, ಚರ್ಮದ ಮೇಲ್ಪದರದ ಪ್ರೋಟೀನು. ಯಾವ ಪ್ರಾಣಿಯದೆಂದು ಕೇಳಿದೆ. ಮನುಷ್ಯ ಎಂದಿತು.

ಬುತ್ತಿ ಬಿಚ್ಚಿದ್ದವಳು ಹಾಗೇ ಮುಚ್ಚಿಟ್ಟೆ.

ಗಿಣಿ ಅಷ್ಟಕ್ಕೇ ನಿಲ್ಲಲಿಲ್ಲ. ಹೊರಗಿನ ಪ್ರೋಟೀನಿನಲ್ಲಿ ಮೂವತ್ತೊಂದು ಗುಂಪು ಕಾಣುತ್ತಿದೆ ಎಂದಿತು. ಹಿಂದಿನ ದಿನಗಳ ದಾಖಲೆಯನ್ನೂ ತೆಗೆದು ನೋಡಿದೆ. ದಿನ ಬದಲಾದರೂ, ತಟ್ಟೆಯ ಜಾಗ ಬದಲಾದರೂ, ಗುಂಪು ಬದಲಾಗುತ್ತಿರಲಿಲ್ಲ. ಚರ್ಮದ ಪ್ರೋಟೀನು ಎಲ್ಲರಲ್ಲೂ ಒಂದೇ ಬರಹ. ಆದರೆ ಒಬ್ಬೊಬ್ಬರಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆಯಿರುತ್ತದೆ, ಹುಟ್ಟಿನಿಂದ ಬಂದದ್ದು, ಸಾಯುವವರೆಗೂ ಬದಲಾಗದು. ಅಂಥ ಬೇರೆ ಅಕ್ಷರಗಳನ್ನೆಲ್ಲ ಸೇರಿಸಿ ನೋಡಿದರೆ ಇಬ್ಬರದು ಒಂದೇ ಆಗುವುದು ತೀರಾ ಅಪರೂಪ. ಮೂವತ್ತೊಂದು ಗುಂಪು ಎಂದರೆ ಮೂವತ್ತೊಂದು ಹೆಂಗಸರು. ಒಬ್ಬೊಬ್ಬರ ಬೆರಳೂ ಅವರವರ ತಟ್ಟೆಯಲ್ಲಿ ಕರಗಿತ್ತು.

ಆ ಸಂಜೆ ಬಚ್ಚಲಲ್ಲಿ ಅತ್ತಿಗೆಯನ್ನು ಕಲ್ಲಿನ ಮೇಲೆ ಕೂರಿಸಿ ಅವರ ಹಿಮ್ಮಡಿ ಉಜ್ಜಿದೆ.

“ಏನಿದು ಹೊಸ ಸೇವೆ? ಬೆಳಿಗ್ಗೆ ಕಳ್ಳಿ ಅಂದೆ, ಸಂಜೆ ಕಾಲು ತಿಕ್ತೀಯ.”

“ಕಳ್ಳಿ ಅನ್ನಲಿಲ್ಲ ಅತ್ಗೆ.”

“ಅನ್ನದೆ ಇದ್ರೂ ಕೇಳಿಸ್ತು ಬಿಡು. ಕಣ್ಣು ಮಂಜಾಗಿರದು, ಕಿವಿ ಸರಿಯಾಗೈತೆ.”

ಉದುರಿದ ಒಣಚರ್ಮದ ಪುಡಿಯನ್ನು ಚೀಟಿಯಲ್ಲಿ ಮಡಿಚಿಟ್ಟುಕೊಂಡೆ. ಮರುದಿನ ಅದನ್ನು ಶುದ್ಧ ಕಿಣ್ವದಲ್ಲಿ ಕರಗಿಸಿ ಗಿಣಿಯ ಮುಂದಿಟ್ಟೆ. ನಲವತ್ತು ಸೆಕೆಂಡು ಬೇಕಾಗಲಿಲ್ಲ. ಹದಿನಾಲ್ಕನೇ ಗುಂಪು ಎಂದಿತು. ಹನ್ನೊಂದು ಲಕ್ಷ ಜನರಲ್ಲಿ ಇಂಥವರು ಒಬ್ಬರು ಎಂದೂ ಸೇರಿಸಿತು. ಆಸ್ಪತ್ರೆಯ ಯಂತ್ರ ಐದು ಸಲ ನೋಡಿಯೂ ಗುರುತಿಸಲಾರದ ಹೆಂಗಸನ್ನು ನಮ್ಮ ಗಿಣಿ, ಅವಳು ಬಳಿದ ಹಾಲಿನಿಂದಲೇ ಗುರುತಿಸಿತ್ತು. ಸಂತೋಷವಾಯಿತೆ? ಆಯಿತು. ಅದರ ಬೆನ್ನಿಗೇ ಎದ್ದು ಹೋಗಿ ಕೈ ತೊಳೆದೆ.

ಮುದ್ರಿಸಿದ ಹಾಳೆ ಹಿಡಿದು ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ನಾಗವೇಣಿ ನಿಧಾನವಾಗಿ ಎಲ್ಲ ಓದಿದಳು. ಕೆಟ್ಟವಳಲ್ಲ ಅವಳು.

“ಚೆನ್ನಾಗಿದೆ ಮೇಡಂ. ಇದನ್ನ ಯಾವುದರಲ್ಲಿ ಹಾಕಲಿ? ಮುಖಾನಾ, ಬೆರಳಾ, ಕಣ್ಣಾ?”

“ಬೆರಳೇ. ಕರಗಿದ ಬೆರಳು.”

“ಕರಗಿದ್ದಕ್ಕೆ ಕಾಲಂ ಇಲ್ಲ.”

“ಮೇಲಿನವರಿಗೆ ಕಳಿಸಿ.”

“ಕಳಿಸ್ತೀನಿ. ಉತ್ತರ ಬರೋಷ್ಟರಲ್ಲಿ ನಾನು ವರ್ಗ ಆಗಿರ್ತೀನಿ.” ಅವಳು ಹಾಳೆಯನ್ನು ನನ್ನತ್ತಲೇ ಸರಿಸಿದಳು. “ಒಂದು ಬೆರಳು, ಒಂದೇ ಒಂದು, ಗೆರೆ ಬಂದ್ರೆ ಸಾಕು ಮೇಡಂ. ನಲವತ್ತು ದಿನ ಕೈ ಕಟ್ಟಿ ಕೂರಿಸಿ.”

ಕೈ ಕಟ್ಟಿ ಕೂರಿಸುವುದು. ಆ ಮಾತನ್ನು ತಲೆಯಲ್ಲಿ ಹೊತ್ತೇ ವಾಗೀಶರ ಕೋಣೆಗೆ ಹೋದೆ. ತಟ್ಟೆಗಳಲ್ಲಿರುವುದು ಹೆಂಗಸರ ಚರ್ಮವೆಂದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದು ಹೊಸದಾ?”

“ಇಲ್ಲ ಸರ್. ಹತ್ತೊಂಬತ್ತು ವರ್ಷದಿಂದ ಇರಬೇಕು. ನೋಡೋ ಕಣ್ಣು ಇರಲಿಲ್ಲ, ಈಗ ಬಂದಿದೆ.”

“ಕಿಣ್ವದ ಬಲಕ್ಕೇನೂ ತೊಂದರೆ ಇಲ್ಲ ತಾನೇ?”

“ಇಲ್ಲ.”

“ಹಾಗಾದ್ರೆ ಅದೊಂದನ್ನ ಲೆಕ್ಕದಿಂದ ಬಿಡೋಕೆ ಹೇಳಿ ಗಿಣಿಗೆ. ಬೆವರು, ಧೂಳು ಬಿಡಲ್ವಾ ನಾವು? ಹಾಗೆ.” ಕನ್ನಡಕ ಮತ್ತೆ ಹಾಕಿಕೊಂಡು ಮೆಲ್ಲಗೆ ಸೇರಿಸಿದರು. “ಇದು ಹೊರಗೆ ಹೋದ್ರೆ ಕಾರ್ಖಾನೆ ಮುಚ್ಚುತ್ತೆ ವನಜಾಕ್ಷಿ. ನಿಮ್ಮ ಹೆಂಗಸರೇ ಮನೇಲಿ ಕೂರಬೇಕಾಗುತ್ತೆ.”

ಅವರು ಹೆದರಿಸಲು ಹೇಳಿದ ಮಾತೇ ನನಗೆ ದಾರಿಯಾಗಿ ಕಂಡಿತು.

ಗಿಣಿಯ ವರದಿಗೆ ನಾನು ಸಹಿ ಒತ್ತಿದ ಕೂಡಲೇ ಅದು ಖರೀದಿದಾರರ ಪರದೆಗೆ ಹೋಗುತ್ತದೆ. ಆಮೇಲೆ ಯಾರೂ ಹಿಂದಕ್ಕೆ ತರುವಂತಿಲ್ಲ. ನನ್ನೆದುರಿನ ಪರದೆಯ ಮೇಲೆ ಎರಡು ಚೌಕಗಳಿದ್ದವು. ‘ಕಡೆಗಣಿಸು’ ಒಂದು, ‘ನಮೂದಿಸು’ ಇನ್ನೊಂದು. ನಾನು ನಮೂದಿಸಿದೆ. ‘ಮಾನವ ಚರ್ಮ, ಮೂವತ್ತೊಂದು ತಟ್ಟೆ, ಬರಿಗೈಯಲ್ಲಿ ಹಾಲು ಬಳಿಯುವುದರಿಂದ’ ಎಂದು ಬರೆದು ಸಹಿ ಒತ್ತಿದೆ. ಅದು ನಿಜವಾಗಿತ್ತು. ಬರೆಯಲೇಬೇಕಾದದ್ದಾಗಿತ್ತು. ಸಂಬಳ ಕೊಡುವುದೇ ಅದಕ್ಕೆ. ಆದರೆ ಒತ್ತುವ ಮುಂಚೆ ನಾನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ದಿನ ಎಣಿಸಿದ್ದೆ. ಕಣ್ಣಿನ ತಂಡ ಬರಲು ನಲವತ್ತಾರು ದಿನವಿತ್ತು.

ಮೂರನೆಯ ದಿನ ಕಾರ್ಖಾನೆ ಬಾಗಿಲು ಹಾಕಿತು. ಕೈಗವಸು, ಬಳಿಯುವ ಹೊಸ ಸಲಕರಣೆ, ತರಬೇತಿ, ತಪಾಸಣೆ ಎಲ್ಲ ಮುಗಿಯುವವರೆಗೆ ಹಾಲು ಇಳಿಸುವಂತಿಲ್ಲವೆಂದು ಗೇಟಿಗೆ ನೋಟೀಸು ಅಂಟಿಸಿದರು. ವಾಗೀಶ್ ನನ್ನೊಡನೆ ಮಾತಾಡುವುದನ್ನು ಬಿಟ್ಟು ಚೀಟಿ ಕಳಿಸತೊಡಗಿದರು. ಮೇಲಿನಿಂದ ಅವರಿಗೆ ಏನು ಬಂತೋ, ನನಗೆ ಕೆಲಸದಿಂದ ತೆಗೆಯುವ ಚೀಟಿ ಮಾತ್ರ ಬರಲಿಲ್ಲ. ಖರೀದಿದಾರರು ಸಹಿ ಮಾಡಿದವಳು ಇರಲೇಬೇಕು ಎಂದರಂತೆ.

ಊರಲ್ಲಿ ಬೇರೆ ಲೆಕ್ಕ. ಮೂವತ್ತು ಮನೆಯ ಹೆಂಗಸರು ಬೆಳಿಗ್ಗೆ ಏಳು ಗಂಟೆಗೆ ಲಾರಿ ಹತ್ತಿ ಈರುಳ್ಳಿ ಆರಿಸಲು ದೂರದ ಮಂಡಿಗೆ ಹೋಗತೊಡಗಿದರು. ಕೆಲವರಿಗೆ ಅದೂ ಸಿಗಲಿಲ್ಲ. ನೀರಿನ ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಒಂದು ದಿನ ಬೋರಕ್ಕ, ಯಾರಿಗೋ ಹೇಳುವವಳಂತೆ ಗಾಳಿಗೆ ಹೇಳಿದಳು. “ನಮ್ ಚರ್ಮ ಗಲೀಜು ಅಂತ ಬರೆದವ್ರಂತೆ. ಅದೇ ಚರ್ಮ ಸುಲಿದು ಓದಿದವ್ರು.”

ಓಬಳೇಶ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ. “ಬರೆಯೋ ಮುಂಚೆ ಒಂದು ಮಾತು ಯಾರ್ನಾದ್ರೂ ಕೇಳ್ಬಹುದಿತ್ತಲ್ಲ?”

“ಯಾರನ್ನ ಕೇಳ್ಬೇಕಿತ್ತು? ನಿಮ್ಮನ್ನಾ?”

“ನನ್ನಲ್ಲ,” ಎಂದು ಅವನು ಸಾರು ಬಡಿಸಿಕೊಂಡ.

ಅತ್ತಿಗೆ ಏನೂ ಕೇಳಲಿಲ್ಲ. ಅದೇ ನನಗೆ ತಡೆಯಲಾಗದ್ದು. ಬಯ್ಯಲಿ, ಹಿಂದೆ ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಮೂರು ದಿನ ಹಂಗಿಸಿದವರು. ಈಗ ಪಡಸಾಲೆಯಲ್ಲಿ ಗೋಡೆಗೆ ಒರಗಿ, ಎರಡೂ ಕೈಯನ್ನು ಮಡಿಲಲ್ಲಿ ಬೇರೆ ಯಾರದೋ ವಸ್ತುವಿನಂತೆ ಇಟ್ಟುಕೊಂಡು ಕೂರುತ್ತಿದ್ದರು. ಪಾತ್ರೆ ತೊಳೆಯಲು ಬಿಡಲಿಲ್ಲ ನಾನು. ಬೂದಿ, ಸೋಪು, ಹುಣಸೆಹಣ್ಣು ಯಾವುದನ್ನೂ ಮುಟ್ಟಲು ಬಿಡಲಿಲ್ಲ. ರಾತ್ರಿ ಮಲಗುವಾಗ ಬೆರಳಿಗೆ ಬೆಣ್ಣೆ ಸವರುತ್ತಿದ್ದೆ. ಸವರಿಸಿಕೊಳ್ಳುತ್ತಿದ್ದರು, ಎಮ್ಮೆ ಮೈ ತೊಳೆಸಿಕೊಳ್ಳುವ ಹಾಗೆ, ಆಚೆ ನೋಡುತ್ತ.

ಇಪ್ಪತ್ತೆಂಟನೆಯ ದಿನ ಭೂತಗನ್ನಡಿ ಹಿಡಿದು ನೋಡಿದೆ. ಬಲಗೈಯ ನಡುಬೆರಳಿನ ತುದಿಯಲ್ಲಿ, ಉತ್ತ ಹೊಲವನ್ನು ದೂರದಿಂದ ನೋಡಿದ ಹಾಗೆ, ಸಣ್ಣಗೆ ಸಾಲು ಎದ್ದಿತ್ತು. ತೋರಿಸಬೇಕೆಂದು ಕೈ ಎತ್ತಿದೆ. ಅವರಿಗೆ ಕಾಣುವುದಿಲ್ಲವೆಂಬುದು ಆಮೇಲೆ ನೆನಪಾಯಿತು.

ಕಣ್ಣಿನ ತಂಡ ಬರುವ ಹಿಂದಿನ ದಿನವೇ ಬಂದು ನೋಂದಾಯಿಸಿ ಎಂದಿದ್ದಳು ನಾಗವೇಣಿ. ಹೋದೆವು. ಹೆಬ್ಬೆರಳು ಹೊಂದಲಿಲ್ಲ. ತೋರುಬೆರಳು ಹೊಂದಲಿಲ್ಲ. ನಡುಬೆರಳಿಟ್ಟಾಗ ಯಂತ್ರ ತುಸು ಹೊತ್ತು ಯೋಚಿಸಿ ಹಸಿರಾಯಿತು. ನಾಗವೇಣಿ ಕುರ್ಚಿಯಿಂದ ಎದ್ದೇ ನಿಂತಳು. “ತಿಪ್ಪಮ್ಮ, ಗಂಡ ಲೇಟ್ ಹನುಮಂತಪ್ಪ,” ಎಂದು ಪರದೆ ನೋಡಿ ಓದಿದಳು. “ನೀವು ನೀವೇ ಅಜ್ಜಿ.”

“ಗೊತ್ತಿತ್ತವ್ವ ನನಗೆ,” ಎಂದರು ಅತ್ತಿಗೆ.

ಶಸ್ತ್ರಚಿಕಿತ್ಸೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಅವರು ವೈದ್ಯೆಯ ಕೈಯನ್ನು ನೋಡಿದರು, ಕಿಟಕಿ ನೋಡಿದರು, ಆಮೇಲೆ ನನ್ನನ್ನು ತುಂಬ ಹೊತ್ತು ನೋಡಿದರು. ಏನಾದರೂ ಹೇಳುತ್ತಾರೆಂದು ಕಾದೆ. “ಬಸ್ಸು ಎಷ್ಟು ಹೊತ್ತಿಗೆ?” ಎಂದರು.

ಮನೆಗೆ ಬಂದ ಮೇಲೆ ಎರಡು ದಿನ ಕಪ್ಪು ಕನ್ನಡಕ ಹಾಕಿಕೊಂಡು ಮನೆಯ ಮೂಲೆ ಮೂಲೆ ತಪಾಸಣೆ ಮಾಡಿದರು. ಅಟ್ಟದ ಜೇಡರಬಲೆ, ಹಂಡೆಯ ತಳದ ಮಸಿ, ನನ್ನ ಸೀರೆಯ ಅಂಚಿನಲ್ಲಿ ಬಿಚ್ಚಿದ ಹೊಲಿಗೆ, ಒಂದನ್ನೂ ಬಿಡಲಿಲ್ಲ. ನಾನು ತುಟಿಪಿಟಕ್ಕೆನ್ನದೆ ಕೇಳಿಸಿಕೊಂಡೆ. ಮಾತಾಡುತ್ತಿದ್ದಾರಲ್ಲ, ಸಾಕೆನಿಸಿತ್ತು. ಮೂರನೆಯ ದಿನ, ಶನಿವಾರ, ಕಾಳು ಆರಿಸುತ್ತಿದ್ದಾಗ ನನ್ನ ಎದುರು ಬಂದು ಕೂತರು.

“ಒಂದು ಕೇಳ್ತೀನಿ, ಸುತ್ತುಬ್ಯಾಡ. ಆ ಚರ್ಮದ ಮಾತು ನಿಜ ಅಂತ ಬರೆದ್ಯಾ, ನನ್ ಕಣ್ಣಿಗೋಸ್ಕರ ಬರೆದ್ಯಾ?”

“ನಿಜ ಅಂತ ಬರೆದೆ.”

ಅವರು ಸುಮ್ಮನೆ ನೋಡುತ್ತಲೇ ಇದ್ದರು. ಹೊಸದಾಗಿ ಕಾಣಿಸುವ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ಕಷ್ಟ.

“ಎರಡಕ್ಕೂ,” ಎಂದೆ. “ದಿನ ಎಣಿಸಿ ಬರೆದೆ.”

“ಹಂಗಾದ್ರೆ ಬೋರಿ ಮುಂದೆ ಹೋಗಿ ಎರಡನ್ನೂ ಹೇಳು. ಏಳು.”

“ಈಗಲಾ?”

“ಇನ್ಯಾವಾಗ? ಸೋಮವಾರ ಮತ್ತೆ ಕೆಲ್ಸ ಶುರು.”

ಬೋರಕ್ಕನ ಮನೆಯ ಜಗಲಿಯಲ್ಲಿ ಏಳೆಂಟು ಹೆಂಗಸರಿದ್ದರು. ಮಧ್ಯೆ ಹೊಸ ಕೈಗವಸುಗಳ ಪೆಟ್ಟಿಗೆ ಬಿಚ್ಚಿತ್ತು. ಕಾರ್ಖಾನೆಯವರು ಅಂದೇ ಹಂಚಿದ್ದರಂತೆ. ಒಬ್ಬಳು ಹಾಕಿಕೊಂಡು ಕೈ ಎತ್ತಿ ತೋರಿಸುತ್ತಿದ್ದಳು. ಪ್ರತಿ ಬೆರಳಿನ ತುದಿಯಲ್ಲೂ ಒಂದೊಂದು ಅಂಗುಲ ಖಾಲಿ ಜೋತುಬಿದ್ದಿತ್ತು. ಎಲ್ಲವೂ ಒಂದೇ ಅಳತೆ, ಗಂಡಸರ ಅಳತೆ.

“ಬಂದ್ಲು ನೋಡು ಮೇಡಮ್ಮ,” ಎಂದಳು ಬೋರಕ್ಕ. “ಕೂದಲಷ್ಟು ಗೀರನ್ನ ಈ ಚೀಲ ಹಾಕ್ಕೊಂಡು ಎಳೀಬೇಕಂತೆ. ನೀನೇ ಎಳೆದು ತೋರ್ಸು.”

ನಾನು ನಿಂತೇ ಹೇಳಿದೆ. ಗಿಣಿ ಕಂಡದ್ದು ಏನು, ಅದು ಅವರ ಚರ್ಮ ಗಲೀಜೆಂದಲ್ಲ, ಹಾಲು ಅವರನ್ನು ದಿನಾ ತಿನ್ನುತ್ತಿದೆಯೆಂದು. ಮುಚ್ಚಿಡು ಎಂದಿದ್ದರು, ಮುಚ್ಚಿಡಲಿಲ್ಲ. ಆದರೆ ಕಾರ್ಖಾನೆ ಮುಚ್ಚಿದರೆ ಅತ್ತಿಗೆ ನಲವತ್ತು ದಿನ ಮನೆಯಲ್ಲಿ ಕೂರುತ್ತಾರೆಂಬುದೂ ತಲೆಯಲ್ಲಿತ್ತು, ಕ್ಯಾಲೆಂಡರು ನೋಡಿಯೇ ಸಹಿ ಒತ್ತಿದೆ ಎಂದೂ ಹೇಳಿದೆ. ಅತ್ತಿಗೆ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ಬೋರಕ್ಕ ತನ್ನ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು.

“ನಂಗೂ ಬಂದಾವೆ ಗೆರೆ,” ಎಂದಳು. “ರೇಷನ್ನಿಗೆ ಮಗಳನ್ನ ಕರ್ಕೊಂಡು ಹೋಗ್ತಿದ್ದೆ ಆರು ವರ್ಷದಿಂದ. ಮೊನ್ನೆ ನಾನೇ ಒತ್ತಿದೆ. ಅಂಗಡಿಯೋನು ಬೆಚ್ಚಿಬಿದ್ದ.” ಉಳಿದವರು ನಕ್ಕರು. ಅವಳು ನಗಲಿಲ್ಲ. “ಅದಿರಲಿ. ಸೋಮವಾರ ಈ ಚೀಲ ಹಾಕ್ಕೊಂಡು ಕೆಲ್ಸ ಆಗಲ್ಲ. ಹತ್ತು ಗಂಟೆಗೆ ಎಲ್ರೂ ಕಿತ್ತು ಎಸೀತಾರೆ. ತಟ್ಟೇಲಿ ಮತ್ತೆ ನಮ್ ಬೆರಳು ಬರ್ತೈತೆ. ಆವಾಗ ಏನ್ ಬರೀತೀಯ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅತ್ತಿಗೆಯೂ. ಇಷ್ಟು ದಿನ ನಾನು ಈ ಪ್ರಶ್ನೆಯ ಸುತ್ತ ಸುತ್ತಿ, ಅದರ ಹತ್ತಿರ ಹೋಗದೆ ಬದುಕಿದ್ದೆ. ಇನ್ನೊಮ್ಮೆ ಬಾಗಿಲು ಮುಚ್ಚಿದರೆ ಈ ಸಲ ಯಾರ ಕಣ್ಣೂ ಕಾದಿರಲಿಲ್ಲ.

“ಇದ್ದದ್ದನ್ನೇ ಬರೀತೀನಿ ಬೋರಕ್ಕ.”

ಅವಳು ಕಾಲಿನಿಂದ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ, ಜಗಲಿಯ ಮೇಲೆ ಜಾಗ ಮಾಡಿದಳು.

“ಬರಿ ವನಜ. ಆದ್ರೆ ಈ ಸಲ ಬರೆಯೋ ಮುಂಚೆ ನಮ್ಗೆ ಹೇಳು. ಕೂತ್ಕ. ಸೋಮವಾರ ಗೇಟಿನ ಮುಂದೆ ಏನು ಕೇಳ್ಬೇಕು, ಯಾವ ಅಳತೆ ಕೈಗವಸು ಕೇಳ್ಬೇಕು, ಒಂದು ಹಾಳೇಲಿ ಇಳಿಸು. ನಾವು ಹೇಳ್ತೀವಿ. ನಿನ್ ಬರವಣಿಗೆ ಚೆನ್ನಾಗೈತಲ್ಲ.”

ಯಾರೋ ಒಳಗಿಂದ ಶಾಲೆಯ ನೋಟ್‌ಬುಕ್ಕು ತಂದು ನನ್ನ ಮುಂದೆ ಹಾಕಿದರು. ಕೈಗವಸಿನವಳು ಗವಸನ್ನು ಕಿತ್ತು ತನ್ನ ಬರಿಗೈಯನ್ನು ಹಾಳೆಯ ಮೇಲೆ ಅಗಲವಾಗಿ ಚಾಚಿ, “ಇದು ನನ್ ಅಳತೆ, ಸುತ್ತ ಗೆರೆ ಎಳಿ,” ಎಂದಳು.